ಕ್ಯಾನ್ವಾಸಿಗೆ ಹತ್ತಿದ ಮುಖ

"ಬದುಕಿರೋರ ಮುಖ ಮಾತ್ರ ಇದ್ರ ಮೇಲೆ ಹಾಕ್ಬೇಡಮ್ಮ," ಎಂದಳು ಮುಚ್ಚಿದ ಸ್ಟುಡಿಯೋದ ಮುದುಕಿ. ಕ್ಯಾನ್ವಾಸ್ ಸುರುಳಿಯನ್ನು ಕೈಯಿಂದ ಮುಟ್ಟದೆ ಕೋಲಿನಿಂದ ಮುಂದಕ್ಕೆ ನೂಕಿದಳು. "ನಮ್ಮ ಯಜಮಾನ್ರ ಏಳಿಗೆ ಯಾರದೋ ಕಣ್ಣು ಕುಕ್ತು. ಮಾಟ ಮಾಡ್ಸಿದಾರೆ ಇದಕ್ಕೆ."

ಕೊಳ್ಳಲು ಬಂದವಳು ನಕ್ಕುಬಿಟ್ಟಳು. ಮನೆಯಲ್ಲೇ ಪ್ರಿಂಟರ್ ಇಟ್ಟುಕೊಂಡು ಫೋಟೋಗಳನ್ನು ಕ್ಯಾನ್ವಾಸಿಗೆ ಇಳಿಸುವ ಕೆಲಸದಲ್ಲಿ ಅವಳಿಗಿನ್ನೂ ಕೈ ಕುದುರಿರಲಿಲ್ಲ. "ಮಾಟದಿಂದ ಇಂಕಿನ ಖರ್ಚು ಉಳಿಯೋದಾದ್ರೆ ಒಳ್ಳೇದೇ ಅಲ್ವಾ ಅಜ್ಜಿ?"

ಮನೆಗೆ ಬಂದು ಸುರುಳಿ ಬಿಚ್ಚಿದಾಗ ಸುಟ್ಟ ಕೂದಲಿನ ವಾಸನೆ ಗಪ್ಪೆಂದು ಹೊಡೆಯಿತು. ಹಳೇ ಮುಗ್ಗಲು ಎಂದುಕೊಂಡು ಕಿಟಕಿ ತೆರೆದಳು. ಪರೀಕ್ಷೆಗೆಂದು ಮಗಳು ಬಾಯ್ತುಂಬ ನಗುತ್ತಿದ್ದ ಫೋಟೋ ಆರಿಸಿದಳು. ಪ್ರಿಂಟರ್ ಕರಕರ ಎನ್ನುತ್ತ ಕ್ಯಾನ್ವಾಸನ್ನು ಒಳಗೆಳೆದುಕೊಂಡಿತು. ಗೆರೆ ಗೆರೆಯಾಗಿ ಹಣೆ ಮೂಡಿತು, ಕಣ್ಣು ಮೂಡಿತು, ಕೆನ್ನೆ ಮೂಡಿತು. ಇಷ್ಟು ಜೀವಂತ ಕೆಂಪನ್ನು ಅವಳು ಈ ಇಂಕಿನಲ್ಲಿ ಕಂಡೇ ಇರಲಿಲ್ಲ.

"ಪುಟ್ಟೀ, ಬಾ ಇಲ್ಲಿ, ನೋಡು!"

ಬಾಗಿಲಲ್ಲಿ ಬಂದು ನಿಂತ ಮಗಳ ತುಟಿ ಬೂದಿಯಂತಿತ್ತು. "ಅಮ್ಮಾ, ಚಳಿ ಆಗ್ತಿದೆ."

ಸಂಜೆಯೊಳಗೆ ಅವಳ ಕೂದಲು, ಕಣ್ಣಪಾಪೆ, ಉಗುರು ಎಲ್ಲ ಒಗೆದೊಗೆದು ಬಣ್ಣ ಬಿಟ್ಟ ಬಟ್ಟೆಯ ಹಾಗೆ ಮಾಸಿದವು. ರಕ್ತದಲ್ಲಿ ಏನೂ ದೋಷವಿಲ್ಲ ಎಂದು ಡಾಕ್ಟರು ಕೈಚೆಲ್ಲಿದರು. ತಾಯಿ ಮನೆಗೆ ಬಂದವಳೇ ಮುದುಕಿಯ ಮಾತು ನೆನೆದು, ಚಿತ್ರ ಅಳಿಸಲೆಂದು ಕ್ಯಾನ್ವಾಸನ್ನು ನಲ್ಲಿಯ ಕೆಳಗೆ ಹಿಡಿದಳು. ಕೋಣೆಯಲ್ಲಿ ಪುಟ್ಟಿ ಉಸಿರುಗಟ್ಟಿ ಕೆಮ್ಮಿದಳು. ಬಾಯಿಂದ ನೀರು ಕಕ್ಕಿದಳು. ಕತ್ತರಿಗೂ ಕೈ ಚಾಚಿದ್ದ ತಾಯಿ ಅದನ್ನು ಅಲ್ಲೇ ಬಿಟ್ಟು ನಲ್ಲಿ ನಿಲ್ಲಿಸಿದಳು.

ಮುದುಕಿಗೆ ಫೋನ್ ಮಾಡಿ ಗೋಗರೆದಳು. "ಅಜ್ಜೀ, ನಿಮ್ಮ ಕಾಲಿಗೆ ಬೀಳ್ತೀನಿ. ಏನಾದ್ರೂ ದಾರಿ ಹೇಳಿ."

ಮುದುಕಿ ದನಿ ತಗ್ಗಿಸಿದಳು. "ಅದೇ ಬಟ್ಟೆ ತುಂಡಿನ ಮೇಲೆ ಇನ್ನೊಬ್ಬರ ಮುಖ ಹಾಕ್ಬೇಕು. ಆಗ ಮೊದಲಿನವರನ್ನ ಬಿಡುತ್ತೆ, ಎರಡನೇವರನ್ನ ಪೂರ್ತಿ ಎಳ್ಕೊಳ್ಳುತ್ತೆ. ನನ್ನ ಮಗ ಹಾಗೇ ಉಳ್ಕೊಂಡ."

"ನಿಮ್ಮ ಯಜಮಾನ್ರು?"

ಫೋನ್ ಇಟ್ಟ ಸದ್ದು.

ಯಾರ ಮುಖ? ಗಿರಾಕಿಗಳು ಕಳಿಸಿದ ಫೋಟೋಗಳು ಪರದೆಯ ಮೇಲೆ ಸಾಲಾಗಿದ್ದವು. ಮದುಮಕ್ಕಳು, ಹಸುಗೂಸುಗಳು, ಯಾರದೋ ಅಪ್ಪ. ಆ ಮುದಿ ಮುಖದ ಮೇಲೆ ಅವಳ ಬೆರಳು ನಿಂತಿತು. ಒಂದು ಕ್ಷಣ ನಿಜವಾಗಿಯೂ ನಿಂತಿತು. ಆಮೇಲೆ ಅವಳು ತನ್ನ ಫೋಟೋ ತೆರೆದಳು.

ಒದ್ದೆ ಕ್ಯಾನ್ವಾಸನ್ನು ಹಿಂಬದಿಯಿಂದ ಮೆಲ್ಲಗೆ ಒತ್ತಿ ಒಣಗಿಸಿ ತೂರಿಸಿದಳು. ಪ್ರಿಂಟರ್ ಎಳೆಯಿತು. ಅವಳ ಹಣೆ ತಣ್ಣಗಾಯಿತು. ತುಟಿ ಮರಗಟ್ಟಿತು. ಕೈ ನೋಡಿಕೊಂಡಳು. ಅಂಗೈಯ ಆಚೆ ಮೇಜು ಕಾಣುತ್ತಿತ್ತು. ಚೀರಿದಳು. ಸದ್ದಿಲ್ಲ. ಮರುಕ್ಷಣ ತನ್ನದೇ ಖಾಲಿ ಕುರ್ಚಿ ಎದುರಿಗಿತ್ತು. ಅವಳು ಪ್ರಿಂಟರಿನ ಬಾಯಲ್ಲಿದ್ದಳು. ಹಸಿ ಇಂಕಿನ ವಾಸನೆ. ರೆಪ್ಪೆ ಮುಚ್ಚಲಾಗದು.

ಪುಟ್ಟಿ ಓಡಿಬಂದಳು. ಕೆನ್ನೆ ಕೆಂಪಗಿತ್ತು. "ಅಮ್ಮಾ? ಎಲ್ಲಿದೀಯಾ?"

ಇಲ್ಲೇ ಕಂದಾ. ಇಲ್ಲೇ.

ಮಗಳು ಚಿತ್ರ ಕಂಡು ನಕ್ಕಳು. "ಅಯ್ಯೋ, ಅಮ್ಮನ ಮುಖ ಒದ್ದೆ ಆಗಿದೆ!" ಒರೆಸಲೆಂದು ಅಂಗೈ ಚಾಚಿದಳು. ಆ ಕೈ ಬೆಚ್ಚಗಿತ್ತು, ಜೀವ ತುಂಬಿತ್ತು. ಎಡಗಣ್ಣಿನ ಮೇಲೆ ಮೆತ್ತಗೆ ಸರಿಯಿತು, ಹಸಿ ಇಂಕು ಅಳಿಸಿಕೊಂಡು ಬಂತು.

ಆ ಕಡೆ ಕತ್ತಲಾಯಿತು.

ಪುಟ್ಟಿ ಇನ್ನೊಂದು ಕೈ ಎತ್ತಿದಳು.