ಅಕ್ಕನೂ ಇರಲಿ
ಎರಡನೇ ಮದುವೆಯಾದ ದರ್ಜಿಯೊಬ್ಬರು ಹೊಸ ಹೆಂಡತಿಯ ಜೊತೆ ನನ್ನ ಸ್ಟುಡಿಯೋಗೆ ಬಂದಿದ್ದರು. ತೀರಿಕೊಂಡ ಮೊದಲ ಹೆಂಡತಿ ಪುಟ್ಟ ಮಗಳೊಂದಿಗೆ ಬೆಂಚಿನ ನಡುವೆ ಕೂತಿದ್ದ ಫೋಟೊವನ್ನು ಪೆನ್‌ಡ್ರೈವ್‌ನಲ್ಲಿ ಕೊಟ್ಟು, “ಮಗು ಮಾತ್ರ ಉಳಿಸಿ, ಇವಳಿಗೆ ಬೇಜಾರಾಗಬಾರದು” ಎಂದರು.

ಫೋಟೊದಿಂದ ತಾಯಿಯನ್ನು ಅಳಿಸಲು ಹೋದಾಗಲೆಲ್ಲ ಎಡಿಟಿಂಗ್ ಸಾಫ್ಟ್‌ವೇರ್ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಕೈಯಲ್ಲಿದ್ದ ಮೌಸ್ ತಣ್ಣಗೆ ಕೊರೆಯುತ್ತಿತ್ತು. ಗ್ರಾಫಿಕ್ಸ್ ಡ್ರೈವರ್ ಕೆಟ್ಟಿರಬೇಕೆಂದು ಅದನ್ನು ತೆಗೆದು ಹೊಸದು ಹಾಕಿದೆ. ಬೇರೆ ಫೋಟೊಗಳ ಕೆಲಸ ಸಲೀಸಾಗಿ ನಡೆಯಿತು. ಇದೊಂದು ಮಾತ್ರ ಮತ್ತೆ ಕೈಕೊಟ್ಟಿತು.

ನೋಡುತ್ತಾ ಕೂತಿದ್ದ ಹೊಸ ಹೆಂಡತಿ, “ಬಿಡಿ ಅಣ್ಣ, ಅಕ್ಕನೂ ಇರಲಿ. ನಾಳೆ ಮಗು ಅಮ್ಮ ಎಲ್ಲಿ ಅಂತ ಕೇಳಿದ್ರೆ ನಾನೇನು ತೋರಿಸ್ಲಿ?” ಎಂದಳು.

ಇದ್ದ ಹಾಗೇ ಪ್ರಿಂಟ್ ಹಾಕಿದೆ. ನಡುವೆ ಕೂತಿದ್ದ ತಾಯಿ, ಮಗಳು ಪ್ರಿಂಟಿನಲ್ಲಿ ಒಂದು ತುದಿಗೆ ಸರಿದಿದ್ದರು. ಮಗುವಿನ ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಖಾಲಿಯಿತ್ತು. ಕಂಪ್ಯೂಟರಿನಲ್ಲಿರುವ ಮೂಲ ಫೋಟೊ ಕೂಡ ಈಗ ಹಾಗೇ ಇದೆ.