ಡ್ರೈವ್ ಪ್ಲಾಜಾದಲ್ಲಿ ಒಂದು ಗುಂಡು

ಡಿಸೆಂಬರ್ 4, ಗುರುವಾರ, ಸಂಜೆ 7.25. ಪೀತಮ್‌ಪುರದ ಪಕ್ಕದ ಆ ಠಾಣೆಗೆ ದೂರು ಬಂದಾಗ ಇನ್ಸ್‌ಪೆಕ್ಟರ್ ಇಂದುಶೇಖರ ಆಗ ತಾನೇ ಚಹಾಕ್ಕೆ ಬಿಸ್ಕತ್ತು ಅದ್ದಿದ್ದ. ದೂರು ಕೇಳಿ ಮುಗಿಯುವಷ್ಟರಲ್ಲಿ ಬಿಸ್ಕತ್ತು ಕರಗಿ ಕಪ್ಪಿನ ತಳ ಸೇರಿತ್ತು.

ದೂರುದಾರ ಪುನೀತ್ ಬಹಲ್, ಡ್ರೈವ್ ಪ್ಲಾಜಾದ ಮ್ಯಾನೇಜರ್. ಆ ಚಳಿಯಲ್ಲೂ ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದ.

"ನಮ್ಮ ಪಾರ್ಕಿಂಗಿನಲ್ಲಿ ಗುಂಡು ಹಾರಿದೆ, ಸಾರ್. ಆರು ಐವತ್ತಕ್ಕೆ."

"ಯಾರಿಗಾದ್ರೂ ತಗುಲ್ತಾ?"

"ನಮ್ಮ ಸೇಲ್‌ಗೆ ತಗುಲ್ತು. ಜನ ಟ್ರಾಲಿ ಬಿಟ್ಟು ಓಡಿಹೋದ್ರು."

"ಹಾರಿಸಿದವನನ್ನ ನೋಡಿದವರು?"

"ಯಾರೂ ಇಲ್ಲ. ಸದ್ದು ಮಾತ್ರ."

ಡ್ರೈವ್ ಪ್ಲಾಜಾ ಇರುವ ಜಾಗದಲ್ಲಿ ಮೊದಲು ಸೈಕಲ್ ಕಾರ್ಖಾನೆಯಿತ್ತು. ಕಾರ್ಖಾನೆ ಮುಚ್ಚಿತು, ಕಟ್ಟಡ ಉರುಳಿತು. ಈಗ ಸುತ್ತಲೂ ಗೋದಾಮಿನಂಥ ದೊಡ್ಡ ದೊಡ್ಡ ಅಂಗಡಿಗಳು, ನಡುವೆ ಎರಡು ಸಾವಿರ ಕಾರು ನಿಲ್ಲುವ ಬಯಲು. ಚಪ್ಪಲಿ ಅಂಗಡಿಯಿಂದ ಪರದೆಯ ಅಂಗಡಿಗೂ ಜನ ಕಾರಿನಲ್ಲೇ ಹೋಗುತ್ತಾರೆ. ಗೇಟಿನಲ್ಲಿ ಬೋರ್ಡು: ಸೈಕಲ್, ರಿಕ್ಷಾ ಮತ್ತು ನಡೆದು ಬರುವವರಿಗೆ ಪ್ರವೇಶವಿಲ್ಲ. ಲಕ್ಷಗಟ್ಟಲೆ ಸೈಕಲ್ ಹುಟ್ಟಿದ ನೆಲಕ್ಕೆ ಈಗ ಒಂದು ಸೈಕಲ್ಲೂ ಕಾಲಿಡುವಂತಿಲ್ಲ. ದೆಹಲಿಯಲ್ಲಿ ಇಂಥದ್ದಕ್ಕೆಲ್ಲ ಯಾರೂ ಬೆರಗಾಗುವುದಿಲ್ಲ.

ಎಫ್‌ಐಆರ್ ದಾಖಲಾಯಿತು. ಹೆಡ್ ಕಾನ್‌ಸ್ಟೇಬಲ್ ಸತ್ಬೀರ್ ಸಿಂಗ್ ಒಂದು ಗಂಟೆಯೊಳಗೆ ಆರೋಪಿಯನ್ನೂ ಹಿಡಿದು ತಂದ. ಅವನು ಮನೋಜ್, ಪ್ಲಾಜಾದ ಒಡವೆ ಅಂಗಡಿಯ ಕಾವಲುಗಾರ. ಇಡೀ ಆವರಣದಲ್ಲಿ ಬಂದೂಕು ಇದ್ದದ್ದು ಅವನೊಬ್ಬನ ಹೆಗಲ ಮೇಲೆ. ಐದು ತೋಟಾ ಕೊಟ್ಟಿದ್ದೇವೆ ಎಂದು ಅವನ ಸೆಕ್ಯೂರಿಟಿ ಏಜೆನ್ಸಿ ಹೇಳುತ್ತಿತ್ತು. ಅವನ ಹತ್ತಿರ ಇದ್ದದ್ದು ನಾಲ್ಕು.

"ನಂಗೆ ಕೊಟ್ಟಿದ್ದೇ ನಾಲ್ಕು, ಜನಾಬ್."

"ಕಿವಿಯ ಹಿಂದೆ ಏನದು ಹಳದಿ?"

ಮನೋಜ್ ತಲೆ ತಗ್ಗಿಸಿದ. "ಅರಿಶಿನ. ಬೆಳಿಗ್ಗೆ ಹಚ್ಚಿದ್ರು. ಶನಿವಾರ ನನ್ನ ಮದುವೆ. ಇವತ್ತೊಂದು ದಿನ ರಜಾ ಸಿಗ್ಲಿಲ್ಲ."

ಬಂದೂಕು ಹಾರಿದೆಯೋ ಇಲ್ಲವೋ ಎಂದು ಪ್ರಯೋಗಾಲಯ ಹೇಳಬೇಕಾದರೆ ಹದಿನೈದು ದಿನ ಬೇಕು. ಟೀವಿಯವರಿಗೆ ಅಷ್ಟು ತಾಳ್ಮೆ ಇರಲಿಲ್ಲ, ಎಸಿಪಿ ಸಾಹೇಬರಿಗೆ ಅದಕ್ಕಿಂತ ಕಡಿಮೆ. "ಬಂದೂಕೂ ಇದೆ, ಹುಡುಗನೂ ಇದಾನೆ, ಇನ್ನೇನು ಬೇಕು?" ಎಂದು ಫೋನಿನಲ್ಲಿ ಗದರಿದರು. ಶನಿವಾರದೊಳಗೆ ನಿಜವಾದ ಕೈ ಸಿಗದಿದ್ದರೆ ಮನೋಜನ ಊರಾದ ಬಹಾದುರ್‌ಗಢದಲ್ಲಿ ಮದುವೆ ಮನೆ ಇರುತ್ತದೆ, ಮದುಮಗ ಲಾಕಪ್ಪಿನಲ್ಲಿ ಇರುತ್ತಾನೆ. ಇಂದುಶೇಖರನಿಗೆ ಆ ರಾತ್ರಿಯ ಊಟ ರುಚಿಸಲಿಲ್ಲ.

ಶುಕ್ರವಾರ ಬೆಳಿಗ್ಗೆ 8.10ಕ್ಕೆ ಸ್ಥಳ ಪಂಚನಾಮೆ. ಪಂಚರಾಗಿ ಸಿಕ್ಕ ಇಬ್ಬರು ಗಿರಾಕಿಗಳು ಚಳಿಗೆ ಕಾರಿನಿಂದ ಇಳಿಯಲು ಒಪ್ಪದೆ ಕಿಟಕಿಯಿಂದಲೇ ಎಲ್ಲವನ್ನೂ ನೋಡಿದರು.

ಪಾರ್ಕಿಂಗಿನ ನಟ್ಟನಡುವೆ ಮಳೆನೀರು ಇಂಗಲೆಂದು ಬಿಟ್ಟ ಒಂದು ತಗ್ಗಿತ್ತು, ಅದರ ತುಂಬ ಎತ್ತರದ ಹುಲ್ಲು. ಅದರ ಅಂಚಿನಲ್ಲೇ ಗುಂಡಿನ ಸದ್ದು ಕೇಳಿದ್ದು. ಸುತ್ತಮುತ್ತ ಜಾಲಾಡಿದರೂ ಖಾಲಿ ತೋಟಾ ಇಲ್ಲ, ಚರೆ ಇಲ್ಲ. ನೆಲದ ಮೇಲೆ ಅಂಗೈಯಗಲ ಮಸಿ, ನಾಲ್ಕು ಹನಿ ಎಣ್ಣೆ. ಹುಲ್ಲಿನ ಒಂದು ಮೂಲೆಯಲ್ಲಿ ಹಿಡಿಯಷ್ಟನ್ನು ಯಾರೋ ಕುಡುಗೋಲಿನಿಂದ ಕೊಯ್ದಿದ್ದರು. ಪಕ್ಕದಲ್ಲಿ ಒಂದು ಬಾಳೆಲೆ ಚೂರು, ಅದರ ಮೇಲೆ ಕಂದು ಬಣ್ಣದ ಅಂಟು ಪದಾರ್ಥ.

"ಹಿಂದೆ ಸರೀರಿ," ಎಂದ ಪ್ರಯೋಗಾಲಯದವನು, ಕೈಗವಸು ಏರಿಸುತ್ತ. "ಸ್ಫೋಟಕ ಇರಬಹುದು."

ಸತ್ಬೀರ್ ಹೇಳಿದ್ದಕ್ಕಿಂತ ಹೆಚ್ಚೇ ಸರಿದ. ಇಂದುಶೇಖರ ಮಾತ್ರ ಬಗ್ಗಿ ಮೂಸಿದ. ಏಲಕ್ಕಿ. ತುಪ್ಪ. ಕಳಿತ ಬಾಳೆಹಣ್ಣು. ನಲವತ್ತು ವರ್ಷದ ಹಿಂದಿನ ಲೋಧಿ ಕಾಲೋನಿಯ ಸರ್ಕಾರಿ ಮನೆ, ಎದುರು ಮನೆಯ ಬೊಳ್ಳಮ್ಮ ಆಂಟಿ, ಮುಚ್ಚಿದ ಸ್ಟೀಲ್ ಬಟ್ಟಲು, ಎಲ್ಲ ಒಟ್ಟಿಗೆ ನೆನಪಾಗಿ ಬಾಯಲ್ಲಿ ನೀರೂರಿತು. ಸಾಕ್ಷ್ಯವನ್ನು ತಿನ್ನಬಾರದೆಂಬ ನಿಯಮ ಇಲ್ಲದಿದ್ದರೆ ಅಲ್ಲೇ ಬೆರಳು ಹಾಕಿಬಿಡುತ್ತಿದ್ದ.

ಅವನು ಮನೆಗೆ ಫೋನು ಮಾಡಿದ. ಅಮ್ಮ ಲೀಲಮ್ಮ ಎತ್ತಿಕೊಂಡರು.

"ಅಮ್ಮ, ಬಾಳೆಹಣ್ಣು, ಹುರಿದ ಅಕ್ಕಿ ಹಿಟ್ಟು, ಏಲಕ್ಕಿ. ಬೊಳ್ಳಮ್ಮ ಆಂಟಿ ಕಳಿಸ್ತಿದ್ರಲ್ಲ, ಏನದು?"

"ತಂಬಿಟ್ಟು ಕಣೋ! ಹುತ್ತರಿಗೆ ಮಾಡ್ತಾರೆ, ಕೊಡಗಿನವರು. ನಿನ್ನೆ ಹುಣ್ಣಿಮೆ ಅಲ್ವಾ, ನಿನ್ನೇನೇ ಹುತ್ತರಿ. ಅವರ ಬಾಯಲ್ಲಿ ಪುತ್ತರಿ."

"ಆವತ್ತು ಏನು ಮಾಡ್ತಾರೆ?"

"ಹೊಸ ಭತ್ತದ ಕದಿರು ಕೊಯ್ದು ಮನೆಗೆ ತರ್ತಾರೆ. ಕೊಯ್ಯೋ ಹೊತ್ತಿಗೆ ಸರಿಯಾಗಿ ಗುಂಡು ಹಾರಿಸ್ತಾರೆ. ಯಾಕೋ, ತಿಂಡಿ ತಿಂದ್ಯಾ?"

ಇಂದುಶೇಖರ ಕೊಯ್ದ ಹುಲ್ಲಿನತ್ತ ತಿರುಗಿದ. ಅದು ಹುಲ್ಲಲ್ಲ, ಬಲಿತು ಬಾಗಿದ ಭತ್ತ. ತೋಟದ ಗುತ್ತಿಗೆದಾರನನ್ನು ಕರೆಸಿ ಕೇಳಿದರೆ ಅವನು ಹೆಮ್ಮೆಯಿಂದ, "ಫ್ಯಾನ್ಸಿ ಹುಲ್ಲು, ಸಾಬ್. ಯಾರು ಆರ್ಡರ್ ಮಾಡಿದ್ರೋ ಗೊತ್ತಿಲ್ಲ, ಬಹಳ ಚೆನ್ನಾಗಿ ಬಂತು" ಎಂದ. ಅವನೇ ಅದರ ಮುಂದೆ 'ಮುಟ್ಟಬೇಡಿ' ಎಂಬ ಹಲಗೆಯನ್ನೂ ನೆಟ್ಟಿದ್ದ.

ಇಂದುಶೇಖರನಿಗೆ ಖುಷಿಯೂ ಆಯಿತು, ಚಿಂತೆಯೂ ಆಯಿತು. ಮನೋಜ್ ನಿರಪರಾಧಿ ಎಂಬುದು ಮನಸ್ಸಿಗೆ ಖಾತ್ರಿಯಾಯಿತು. ಆದರೆ ಇನ್ಯಾರೋ ತನ್ನ ನಾಡಿನವರೇ, ಬಹುಶಃ ಸೈನ್ಯದಿಂದ ನಿವೃತ್ತರಾದ ಕೊಡಗಿನ ಹಿರಿಯರೊಬ್ಬರು, ನಿಜವಾದ ಬಂದೂಕು ಹಿಡಿದು ಜನರ ನಡುವೆ ನಿಂತಿದ್ದರು. ಅದಕ್ಕೆ ಜೈಲು ತಪ್ಪುವುದಿಲ್ಲ.

ಇನ್ನು ಕ್ಯಾಮೆರಾ. ಪುನೀತ್ ಬಹಲ್ ಎದೆಯುಬ್ಬಿಸಿ ಪರದೆಗಳನ್ನು ತೋರಿಸಿದ. ಎಲ್ಲ ಕ್ಯಾಮೆರಾಗಳೂ ಕಾರಿನ ನಂಬರ್ ಪ್ಲೇಟಿನ ಎತ್ತರಕ್ಕೆ ಇದ್ದವು.

"ಮನುಷ್ಯರ ಮುಖ?"

"ಮುಖ ಯಾಕೆ, ಸಾರ್? ನಂಬರ್ ಸಿಕ್ರೆ ಎಲ್ಲಾ ಸಿಕ್ತಲ್ಲ."

ಮೂಲೆಯಲ್ಲಿ ನಿಂತಿದ್ದ ಮಹಿಳಾ ಕಾನ್‌ಸ್ಟೇಬಲ್ ಕಿರಣ್ ಕೇಳಿದಳು, "ನಿಮ್ಮ ಮಿಷಿನ್‌ಗೆ ಓದೋಕಾಗದ ನಂಬರ್ ಯಾವುದಾದ್ರೂ ಇದೆಯಾ?"

ಒಂದೇ ಒಂದಿತ್ತು. ಒಳಗೆ ಬಂದದ್ದು 6.20, ಹೊರಗೆ ಹೋದದ್ದು 7.05. ಹೊರಗೇಟಿನಲ್ಲಿ ದುಡ್ಡು ತೆಗೆದುಕೊಳ್ಳುವ ಕಿಂಡಿಗೆ ಮಾತ್ರ ಒಂದು ಕ್ಯಾಮೆರಾ ಸ್ವಲ್ಪ ಮೇಲಕ್ಕಿತ್ತು. ನಂಬರ್ ಪ್ಲೇಟಿನ ಬಣ್ಣ ಮಾಸಿದ ಹಳೆಯ ಜೀಪು. ಸ್ಟೇರಿಂಗ್ ಹಿಡಿದವರು ರೇಷ್ಮೆ ಸೀರೆಯುಟ್ಟ ಅಜ್ಜಿ. ಪಕ್ಕದಲ್ಲಿ ಕಪ್ಪು ನಿಲುವಂಗಿ, ಸೊಂಟಕ್ಕೆ ಕೆಂಪು ರೇಷ್ಮೆಯ ಪಟ್ಟಿ ಕಟ್ಟಿದ ಅಜ್ಜ. ಅಜ್ಜನ ತೊಡೆಯ ಮೇಲಿನ ಭತ್ತದ ಕಟ್ಟು ಪಕ್ಕಕ್ಕೆ ಮೊಳದುದ್ದ ಚಾಚಿತ್ತು. ಅಜ್ಜಿ ದುಡ್ಡು ಕೊಟ್ಟು, ರಸೀದಿ ಕೇಳಿ ಪಡೆದು, ಕೈಬೀಸಿ ಹೋಗಿದ್ದರು.

"ಇಷ್ಟೆಲ್ಲಾ ಗೇಟಿನ ನಿಮ್ಮ ಹುಡುಗನಿಗೆ ಕಾಣಿಸ್ಲಿಲ್ವಾ?" ಎಂದ ಇಂದುಶೇಖರ.

"ನಂಬರ್ ನೋಡು ಅಂತ ಹೇಳಿದ್ವಿ, ಸಾರ್," ಎಂದ ಪುನೀತ್, ದನಿ ತಗ್ಗಿಸಿ.

ಕಿರಣ್ ಪರದೆಗೆ ಮೂಗು ತಾಗುವಷ್ಟು ಬಗ್ಗಿದ್ದಳು. "ಜನಾಬ್, ಈ ಜೀಪು ನಮ್ಮ ಪೀತಮ್‌ಪುರದ್ದು. ವರ್ಷಗಳಿಂದ ಟಾರ್ಪಾಲಿನ ಕೆಳಗೆ ನಿಂತಿದೆ. ಇದು ಓಡುತ್ತೆ ಅಂತಾನೇ ಗೊತ್ತಿರ್ಲಿಲ್ಲ."

ಮಧ್ಯಾಹ್ನ 2.40ಕ್ಕೆ ಪೀತಮ್‌ಪುರದ ಮೊದಲ ಮಹಡಿಯ ಮನೆ. ಬಾಗಿಲ ಮೇಲೆ ಮಾವು, ಅರಳಿಯ ಎಲೆಗಳ ಜೊತೆ ಭತ್ತದ ತೆನೆ ಕಟ್ಟಿತ್ತು. ಇನ್ನು ಹುಡುಕುವುದಕ್ಕೆ ಏನೂ ಉಳಿದಿರಲಿಲ್ಲ. ಬಾಗಿಲು ತೆರೆದವರು ಮಾಚಮ್ಮ, ಕ್ಯಾಮೆರಾದಲ್ಲಿ ಕಂಡ ಅದೇ ಅಜ್ಜಿ. ಎಪ್ಪತ್ತೈದು ದಾಟಿದ ಮೈ, ಬೆನ್ನು ಮಾತ್ರ ಕೋಲಿನಂತೆ ನೆಟ್ಟಗೆ.

ಇಂದುಶೇಖರ ಕನ್ನಡದಲ್ಲಿ ಮಾತು ತೆಗೆದದ್ದೇ ಅವರ ಮುಖ ಅರಳಿತು. "ಅಯ್ಯೋ, ಕನ್ನಡದವರಾ! ಕೂತ್ಕೊಳ್ಳಿ. ಮೊದ್ಲು ತಂಬಿಟ್ಟು ತಿನ್ನಿ."

"ಈಗ ಬೇಡ ಆಂಟಿ, ಡ್ಯೂಟಿ ಮೇಲಿದ್ದೀನಿ. ನಿನ್ನೆ ಡ್ರೈವ್ ಪ್ಲಾಜಾಕ್ಕೆ ಹೋಗಿದ್ರಾ?"

"ಹೋಗಿದ್ದೆ. ರಸೀದಿ ಬೇಕಾ?"

"ಅಲ್ಲಿ ಭತ್ತ ಕೊಯ್ದವರು?"

"ನಾನೇ. ಬಿತ್ತಿದ್ದೂ ನಾನೇ. ಜುಲೈಯಿಂದ ವಾರಕ್ಕೊಂದ್ಸಲ ಕ್ಯಾಬಿನಲ್ಲಿ ಹೋಗಿ ನೋಡ್ಕೊಂಡು ಬರ್ತಿದ್ದೆ. ನಡ್ಕೊಂಡು ಹೋದ್ರೆ ಒಳಗೆ ಬಿಡಲ್ವಲ್ಲ."

"ಬಂದೂಕು ಎಲ್ಲಿದೆ?"

"ಬಂದೂಕಾ? ಅದನ್ನ ಯಾವಾಗ್ಲೋ ನಿಮ್ಮ ಠಾಣೆಗೇ ಒಪ್ಪಿಸಿದ್ವಿ. ವಯಸ್ಸಾದವರ ಮನೇಲಿ ಯಾಕೆ ಅಂತ."

"ಹಾಗಾದ್ರೆ ಗುಂಡು?"

ಮಾಚಮ್ಮನಿಗೆ ನಗು ಬಂತು. ಎಂಥ ನಗು ಎಂದರೆ ಕುರ್ಚಿಯ ತೋಳು ಹಿಡಿದುಕೊಳ್ಳಬೇಕಾಯಿತು. ಇಂದುಶೇಖರನಿಗೂ ನಗು ಬರುವಂತಾಗಿ, ಬೇಗ ಹೇಳಿಬಿಟ್ಟ: "ಆಂಟಿ, ಆ ಗುಂಡಿಗೆ ಒಬ್ಬ ಹುಡುಗ ಲಾಕಪ್ಪಿನಲ್ಲಿದಾನೆ. ನಾಳೆ ಅವನ ಮದುವೆ."

ನಗು ಅಲ್ಲೇ ನಿಂತಿತು. "ಮದುಮಗನ್ನ ಒಳಗೆ ಹಾಕಿದೀರಾ? ನನ್ನಿಂದಾ?" ಅವರು ಗೋಡೆಯ ಮೊಳೆಯಿಂದ ಕೀಲಿಕೈ ತೆಗೆದರು. "ಬನ್ನಿ ಕೆಳಗೆ. ಬೇಗ."

ಗಲ್ಲಿಯಲ್ಲಿ ಜೀಪು ಕೆಮ್ಮಿ ಕೆಮ್ಮಿ ಎದ್ದಿತು. ಮಾಚಮ್ಮ ಆಕ್ಸಿಲರೇಟರ್ ಒತ್ತಿ ಹಿಡಿದು ಕೀಲಿ ಆಫ್ ಮಾಡಿದರು, ಕ್ಷಣ ಬಿಟ್ಟು ಆನ್ ಮಾಡಿದರು.

ಢಂ!

ಪಾರಿವಾಳಗಳೆಲ್ಲ ಒಮ್ಮೆಗೇ ಎದ್ದವು. ಸತ್ಬೀರ್ ಈರುಳ್ಳಿ ಗಾಡಿಯ ಹಿಂದೆ ನೆಲಕ್ಕೆ ಬಿದ್ದಿದ್ದ. ತರಕಾರಿ ಭಯ್ಯಾ ಹೂಕೋಸೊಂದನ್ನು ಎದೆಗವಚಿಕೊಂಡು ನಿಂತಿದ್ದ. ಮೇಲಿನ ಬಾಲ್ಕನಿಯಿಂದ ಮುದಿ ದನಿಯೊಂದು ಉತ್ಸಾಹದಲ್ಲಿ ಕೂಗಿತು: "ಪೊಲಿ ಪೊಲಿ ದೇವಾ!"

"ನಮ್ಮ ಯಜಮಾನ್ರು," ಎಂದರು ಮಾಚಮ್ಮ. "ಮತ್ತೆ ಪುತ್ತರಿ ಬಂತು ಅನ್ಕೊಂಡ್ರು ಪಾಪ. ಬಂದೂಕಿಲ್ಲ, ಏನ್ಮಾಡ್ಲಿ? ಅದು ಕಾರಿನವರ ಜಾಗ, ಕಾರಿನಿಂದಲೇ ಹಾರಿಸಿದೆ."

ಸೈಲೆನ್ಸರಿನ ಕೆಳಗೆ ಅಂಗೈಯಗಲ ಮಸಿ, ಪಕ್ಕದಲ್ಲಿ ಎಣ್ಣೆಯ ಹನಿ. ಇಂದುಶೇಖರ ಫೋಟೊ ತೆಗೆಸಿ, ಎರಡನೆಯ ಪಂಚನಾಮೆ ಬರೆಸಿದ. ಈ ಸಲ ಪಂಚರಿಗೆ ಬರವಿರಲಿಲ್ಲ. ಇಡೀ ಬ್ಲಾಕು ಸಹಿ ಹಾಕಲು ತಯಾರಾಗಿತ್ತು.

ಹೆಂಗಸರನ್ನು ಸೂರ್ಯಾಸ್ತದ ಮೇಲೆ ಬಂಧಿಸುವಂತಿಲ್ಲ. 4.15ಕ್ಕೆ ಕಿರಣ್ ಮಾಚಮ್ಮನ ಕೈ ಮುಟ್ಟಿ ಬಂಧನದ ಮಾತು ಹೇಳಿದಳು. ಅತಿಕ್ರಮ ಪ್ರವೇಶ, ಸಾರ್ವಜನಿಕರಲ್ಲಿ ಗಾಬರಿ ಹುಟ್ಟಿಸಿದ್ದು, ನೋಂದಣಿ ಮುಗಿದ ಜೀಪನ್ನು ರಸ್ತೆಗಿಳಿಸಿದ್ದು. ಎಲ್ಲವೂ ಠಾಣೆಯಲ್ಲೇ ಜಾಮೀನು ಸಿಗುವಂಥವು. ಮಾಚಮ್ಮ ಸೀರೆ ಬದಲಿಸಿ, ತಂಬಿಟ್ಟಿನ ಡಬ್ಬಿ ಹಿಡಿದು, ಮದುವೆಗೆ ಹೊರಟವರ ಹಾಗೆ ಪೊಲೀಸ್ ಜೀಪು ಹತ್ತಿದರು. ಗಂಡ, ನಿವೃತ್ತ ಸುಬೇದಾರ್ ಕಾವೇರಪ್ಪ, ಪಕ್ಕದ ಮನೆಯವರ ತೋಳು ಹಿಡಿದು ಆಟೋದಲ್ಲಿ ಹಿಂದೆಯೇ ಬಂದರು.

ಠಾಣೆಯಲ್ಲಿ ಇಂದುಶೇಖರ ಕೇಸ್ ಡೈರಿ ತೆರೆದ. "ಯಾಕೆ ಮಾಡಿದ್ರಿ, ಆಂಟಿ?"

ಮಾಚಮ್ಮ ಬಾಗಿಲ ಬಳಿಯ ಬೆಂಚಿನಲ್ಲಿ ಕೂತ ಗಂಡನತ್ತ ನೋಡಿ ದನಿ ತಗ್ಗಿಸಿದರು. "ಅವ್ರ ಎರಡು ಕಣ್ಣಿಗೂ ಪೊರೆ ಬಂದಿದೆ. ಡಾಕ್ಟ್ರು ಎಷ್ಟೋ ವರ್ಷದಿಂದ ಆಪರೇಷನ್‌ಗೆ ಕರೀತಿದಾರೆ. ಪ್ರತಿ ಸಲಾನೂ ಒಂದೇ ಮಾತು, 'ಪುತ್ತರಿ ಕಳೀಲಿ.' ಸೈನ್ಯದಿಂದ ಬಂದ್ಮೇಲೆ ಆ ಸೈಕಲ್ ಕಾರ್ಖಾನೇಲಿ ಸೆಕ್ಯೂರಿಟಿ ಆಫೀಸರ್ ಆಗಿದ್ರು. ಕ್ಯಾಂಟೀನ್ ಹಿಂದೆ ನೀರು ನಿಲ್ತಿತ್ತು, ಅಲ್ಲೇ ಭತ್ತ, ಅಲ್ಲೇ ಪುತ್ತರಿ. ದೆಹಲಿಯ ನಮ್ಮವರೆಲ್ಲಾ ಬರ್ತಿದ್ರು, ಇವ್ರೇ ಗುಂಡು ಹಾರಿಸ್ತಿದ್ರು. ಕಾರ್ಖಾನೆ ಮುಚ್ಚಿದ್ಮೇಲೆ ಊರಿಂದ ರೈಲಲ್ಲಿ ಬಂದ ಕದಿರನ್ನ ಕದಿರು ಅಂತಾನೇ ಒಪ್ಪಲಿಲ್ಲ. ಇವರ ಲೆಕ್ಕದಲ್ಲಿ ಅವತ್ತಿಂದ ಪುತ್ತರಿ ಬಂದೇ ಇಲ್ಲ."

"ಮತ್ತೆ?"

"ಜುಲೈಯಲ್ಲಿ ಪರದೆ ಬಟ್ಟೆ ತರೋಕೆ ಅಲ್ಲಿ ಹೋದೆ. ಕಾರುಗಳ ಮಧ್ಯೆ ಅದೇ ತಗ್ಗು, ಅದೇ ನೀರು. ಇವ್ರ ನೆಪಾನೇ ಇಲ್ಲದ ಹಾಗೆ ಮಾಡ್ಬಿಡ್ತೀನಿ ಅಂದ್ಕೊಂಡೆ."

ಇಂದುಶೇಖರ ಪೆನ್ನು ಎತ್ತಿದ. "ಉದ್ದೇಶ ಏನಂತ ಬರೀಲಿ?"

"ಈಗ್ಲೇ ಬರೀಬೇಡಿ," ಎಂದರು ಮಾಚಮ್ಮ. "ಆಪರೇಷನ್ ಯಾವಾಗ ಅಂತ ನಿನ್ನೆಯಿಂದ ಕೇಳ್ತಿದೀನಿ, ಅವ್ರಿನ್ನೂ ಬಾಯಿ ಬಿಟ್ಟಿಲ್ಲ."

ಅಷ್ಟರಲ್ಲಿ ಸತ್ಬೀರ್ ಮನೋಜನನ್ನು ಹೊರಗೆ ಕರೆತಂದ. ಅವನ ಮೇಲೆ ಸಾಕ್ಷ್ಯವಿಲ್ಲವೆಂದು ಬಿಡುಗಡೆಯ ಕಾಗದ ತಯಾರಾಗಿತ್ತು. ಏಜೆನ್ಸಿಯೂ ನಾಲ್ಕೇ ತೋಟಾ ಕೊಟ್ಟದ್ದೆಂದು ಒಪ್ಪಿಕೊಂಡಿತ್ತು. ಮಾಚಮ್ಮ ಎದ್ದು ಅವನ ಎರಡೂ ಕೈ ಹಿಡಿದು, ತಪ್ಪಾಯಿತು ಬೇಟಾ ಎಂದು ಹಿಂದಿಯಲ್ಲಿ ಕ್ಷಮೆ ಕೇಳಿದರು.

ಮನೋಜ್ ನಕ್ಕ. "ಇರಲಿ ದಾದೀಮಾ. ನಮ್ಮೂರಲ್ಲಿ ಮದುವೆ ಮೆರವಣಿಗೆಗೆ ಗುಂಡು ಹಾರಿಸ್ತಾರೆ, ಪೊಲೀಸರು ಬರ್ತಾರೆ. ನಂದು ಎರಡೂ ಮುಂಚೇನೇ ಮುಗೀತು."

ಠಾಣೆಯೆಲ್ಲ ನಕ್ಕಿತು. ಕಾವೇರಪ್ಪ ಬೆಂಚಿನಿಂದ ಎದ್ದು, ನಗು ಬಂದ ದಿಕ್ಕಿಗೆ ಹೆಜ್ಜೆ ಹಾಕಿ, ಮನೋಜನ ಮುಖದ ಹತ್ತಿರಕ್ಕೆ ತಮ್ಮ ಮುಖ ತಂದು ಕಣ್ಣು ಕಿರಿದು ಮಾಡಿದರು.

"ಯಾರಿದು?"

"ಮದುಮಗ," ಎಂದರು ಮಾಚಮ್ಮ. "ನಾಳೆ ಮದುವೆ."

ಮುದುಕರು ಬಹಳ ಹೊತ್ತು ದಿಟ್ಟಿಸಿದರು. ಕಂಡದ್ದು ಬರೀ ಮಂಜು ಎಂದು ಅವರ ಹುಬ್ಬಿನಿಂದಲೇ ತಿಳಿಯುತ್ತಿತ್ತು. ಆಮೇಲೆ ಮನೋಜನ ಕೆನ್ನೆ ತಟ್ಟಿ, ಸೈನ್ಯದ ಹಿಂದಿಯಲ್ಲಿ ಗಟ್ಟಿಯಾಗಿ ಹೇಳಿದರು, "ಈಗ ನೋಡಿ ಪ್ರಯೋಜನ ಇಲ್ಲ. ಸೋಮವಾರ ಆಪರೇಷನ್ ಮಾಡಿಸ್ಕೋತೀನಿ. ಹದಿನೈದು ದಿನ ಬಿಟ್ಟು ಬಾ, ಹೆಂಡ್ತೀನೂ ಕರ್ಕೊಂಡು ಬಾ. ಇಬ್ಬರನ್ನೂ ಸರಿಯಾಗಿ ನೋಡ್ತೀನಿ."

ಬಂಧನವಾದಾಗ ರೆಪ್ಪೆ ಬಡಿಯದ ಮಾಚಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡರು. ಮೂಗು ಒರೆಸಿಕೊಂಡು ಮೇಜಿನತ್ತ ತಿರುಗಿದರು.

"ಈಗ ಬರ್ಕೊಳ್ಳಿ, ಇನ್ಸ್‌ಪೆಕ್ಟ್ರೇ."