ಸುಭದ್ರಾಬಾಯಿಯ ಫಟಫಟಿ

“ಆ ಸುಡುಗಾಡು ಫಟಫಟಿ ಈ ಅಂಗಳದಾಗ ಇಳೀಬೇಕಂದ್ರ ನನ್ನ ಹೆಣದ ಮ್ಯಾಲಿಂದ ಇಳೀಬೇಕು! ಕೇಳಿಸ್ತೇನ್ಲೇ ಹಣಮಂತ?”

ಗುರಮ್ಮ ಎರಡೂ ಕೈಯನ್ನು ತಲೆಬಾಗಿಲ ಚೌಕಟ್ಟಿಗೆ ಆನಿಸಿ ನಿಂತಿದ್ದಳು. ಸೆರಗು ಜಾರಿದ್ದೂ ಅವಳಿಗೆ ಗೊತ್ತಿರಲಿಲ್ಲ. ಅಂಗಳದ ಮುಂದೆ ಜೇವರ್ಗಿಯಿಂದ ಬಂದ ಟೆಂಪೋ ನಿಂತಿತ್ತು. ಅದರೊಳಗೆ ಹಗ್ಗ ಬಿಗಿದು ಮಲಗಿಸಿದ್ದ ಹಳೆಯ ಮೋಟಾರ್‌ಸೈಕಲ್ಲು. ಮೈತುಂಬ ತುಕ್ಕು, ಸೀಟಿನ ಮೇಲೆ ಕೋಳಿ ಹಿಕ್ಕೆಯ ಕಲೆ. ಮಟಕಿ ಊರಿನ ಅರ್ಧ ಓಣಿ ಅದನ್ನು ನೋಡಲು ಬಂದು ನಿಂತಿತ್ತು.

“ಯವ್ವಾ, ಜರಾ ಸಮಾಧಾನ ತಗೋ. ಇದು ಸುಭದ್ರಾಗ…”

“ಸುಭದ್ರಾಗ! ಹದಿನೈದು ವರ್ಷದ ಹಿಂದ ಇಂಥಾದ್ರ ಮ್ಯಾಲ ಕೂಡ್ರಿಸ್ಕೊಂಡು ಹೋಗಿದ್ದಿ. ನೀ ಚಲೋನ ಹೊಡೀತಿದ್ದಿ. ಎಮ್ಮಿ ಅಡ್ಡ ಬಂದದ್ದು ನೋಡಿ ಈ ಪುಕ್ಕಲಿ ಜಿಗಿದ್ಲು. ಕಾಲು ಕಳಕೊಂಡ್ಲು, ಗೊತ್ತಾದ ಲಗ್ನ ಕಳಕೊಂಡ್ಲು. ಆ ಸಂಕಟದಾಗ ನಿಮ್ಮಪ್ಪ ಹೋದ್ರು. ಇನ್ನೂ ಏನು ನೋಡೂದೈತಿ ನಾನು?”

ಪಡಸಾಲೆಯಲ್ಲಿ ಅಷ್ಟು ಹೊತ್ತು ಓಡುತ್ತಿದ್ದ ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು. ಸುಭದ್ರಾಬಾಯಿ ತಲೆ ಎತ್ತಿ ತಾಯಿಯನ್ನು ನೋಡಲಿಲ್ಲ, ಅಣ್ಣನನ್ನು ನೋಡಿದಳು. ಒಂದೇ ಕ್ಷಣ. ಮತ್ತೆ ಎಡಗಾಲಿನಿಂದ ಮೆಷಿನ್ನು ತುಳಿಯತೊಡಗಿದಳು.

ಹಣಮಂತರಾಯ ತಲೆ ತಗ್ಗಿಸಿದ. ಟೆಂಪೋದವನಿಗೆ ಮೆಲ್ಲಗೆ ಹೇಳಿದ: “ಆಳಂದಕ್ಕ ನಡಿ. ಇಮಾಮಸಾಬನ ಗ್ಯಾರೇಜಿಗೆ.”

ತಾಯಿಯ ಆ ಮಾತು ಅವನಿಗೆ ಹೊಸದಲ್ಲ. ಮನೆಯಲ್ಲಿ ಹಾಲು ಉಕ್ಕಿದರೂ, ಸುಭದ್ರೆಯ ಕೈಯಿಂದ ತಂಬಿಗೆ ಜಾರಿದರೂ, ಅವಳು ಊರುಗೋಲು ಹಿಡಿದು ಅಂಗಳ ದಾಟುವಾಗ ತುಸು ತಡವರಿಸಿದರೂ ಆ ಮಾತು ಬರುತ್ತಿತ್ತು… “ಅವತ್ತು ನೀ ಜಿಗೀಲಾರದ ಇದ್ದಿದ್ರ!” ಪ್ರತಿ ಸಲವೂ ಎದ್ದು ಹೊಲದ ಕಡೆ ಹೋಗಿಬಿಡುತ್ತಿದ್ದ. ಯಾಕೆಂದರೆ ಸುಭದ್ರೆ ಜಿಗಿದಿರಲಿಲ್ಲ. ಎಮ್ಮೆಯೂ ಇರಲಿಲ್ಲ. ಆಗ ಅವನಿಗೆ ಇಪ್ಪತ್ತಮೂರು, ಅವಳಿಗೆ ಇಪ್ಪತ್ತು. ಗೆಳೆಯನ ಮೋಟಾರ್‌ಸೈಕಲ್ಲು ತಂದು, ಲಗ್ನದ ಸೀರೆ ಆರಿಸಲು ಅವಳನ್ನು ಆಳಂದಕ್ಕೆ ಕರೆದೊಯ್ಯುತ್ತಿದ್ದ. ರಸ್ತೆ ಖಾಲಿ. ಮಧ್ಯಾಹ್ನದ ಬಿಸಿಲು. “ಸಾವಕಾಶ ಅಣ್ಣಾ” ಎಂದು ಅವಳು ಅಂದದ್ದೇ ಅವನಿಗೆ ಹುರುಪು ಬಂತು. “ನೋಡಿಲ್ಲಿ!” ಎಂದು ಎರಡೂ ಕೈ ಬಿಟ್ಟು ಮೇಲೆತ್ತಿದ. ಅಷ್ಟೇ… ಕಣ್ಣು ತೆರೆದಾಗ ತಾನು ಹುಲ್ಲಿನ ಮೇಲಿದ್ದ, ತಂಗಿಯ ಬಲಗಾಲಿನ ಮೇಲೆ ಗಾಡಿ ಇತ್ತು, ಗಾಡಿಯ ಕೆಳಗೆ ಕಲ್ಲಿತ್ತು. ಗುಲಬರ್ಗಾದ ದವಾಖಾನೆಯಲ್ಲಿ ತಂದೆ ಚಂದ್ರಾಮಪ್ಪ ಅವನ ಭುಜ ಹಿಡಿದು ಅಲುಗಿಸಿ “ಏನಾತು, ಖರೇ ಹೇಳು” ಎಂದು ಕೇಳಿದಾಗ, ನಾಲಿಗೆ ತಾನಾಗಿಯೇ ಎಮ್ಮೆಯನ್ನು ಹುಟ್ಟಿಸಿತು, ತಂಗಿಯನ್ನು ಜಿಗಿಸಿತು. ಎರಡು ದಿನದ ಮೇಲೆ ಸುಭದ್ರೆಗೆ ಎಚ್ಚರವಾಗುವಷ್ಟರಲ್ಲಿ ಮೊಳಕಾಲಿನ ಕೆಳಗೆ ಕಾಲಿರಲಿಲ್ಲ. ಮನೆಯವರೆಲ್ಲ ಆ ಸುಳ್ಳನ್ನು ನಂಬಿಯಾಗಿತ್ತು.

ಈಗ ಇಷ್ಟು ವರ್ಷಗಳ ಮೇಲೆ ಒಂದು ಅಂಚೆ ಕಾರ್ಡು ಅವನನ್ನು ಅಲ್ಲಾಡಿಸಿತ್ತು. ಭೂಸನೂರಿನ ಸಕ್ಕರೆ ಕಾರ್ಖಾನೆಯ ಹತ್ತಿರ ಮುಂದಿನ ಮಳೆಗಾಲಕ್ಕೆ ಶುರುವಾಗಲಿದ್ದ, ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಕೇಂದ್ರಕ್ಕೆ ಟೀಚರ್ ಬೇಕೆಂದು ಸುಭದ್ರೆಗೆ ಕರೆ ಬಂದಿತ್ತು. ಕಿಕ್ಕಿರಿದ ಬಸ್ಸಿನ ಮೆಟ್ಟಿಲು ಹತ್ತುವುದೆಲ್ಲಿ, ದಿನಾ ಹೋಗಿ ಬರುವುದೆಲ್ಲಿ! “ನನ್ನಿಂದ ಆಗುವುದಿಲ್ಲ, ಕ್ಷಮಿಸಿ” ಎಂದು ಅವಳೇ ಬರೆದು, ಪೆಟ್ಟಿಗೆಗೆ ಹಾಕು ಎಂದು ಅಣ್ಣನ ಕೈಗೆ ಕಾರ್ಡು ಕೊಟ್ಟಳು. ಅವನು ಹಾಕಲಿಲ್ಲ. ಅದನ್ನು ಕಿಸೆಯಲ್ಲಿಟ್ಟುಕೊಂಡೇ ಮೆಕ್ಯಾನಿಕ್ ಇಮಾಮಸಾಬನ ಹತ್ತಿರ ಹೋದ.

“ಒಂದು ಕಾಲಿನಾಕಿ ಹೊಡಿಯೂವಂಥಾ ಗಾಡಿ ಆಗ್ತದೇನು ಇಮಾಮಸಾಬ?”

ಇಮಾಮಸಾಬ ಬೀಡಿ ಆರಿಸಿದ. “ಈಗಿನ ಗಾಡಿ ಆಗಲ್ರಿ. ಹಳೇ ಇಂಗ್ಲಿಷ್ ಗಾಡಿ ಇರ್ತಾವ. ಗೇರು ಪೆಟ್ರೋಲ್ ಟಾಕಿ ಬಾಜೂಕ, ಕೈಲೆ ಹಾಕೂದು. ಅಂಥಾದು ಸಿಕ್ರ ತರ್ರಿ. ಬಾಜೂಕ ಕೂಡ್ರಾಕ ಒಂದು ತೊಟ್ಟಿ ಕಟ್ಟಿ ಮೂರನೇ ಗಾಲಿ ಹಾಕ್ತೇನಿ. ಬೀಳಂಗೇ ಇಲ್ಲ.”

ಆ ವರ್ಷದ ತೊಗರಿ ಮಾರಿದ ಮೇಲೆ ಹಣಮಂತರಾಯ ಹುಡುಕಾಟಕ್ಕೆ ಹೊರಟ. ಅಫಜಲಪುರದಲ್ಲಿ ಒಂದಿತ್ತು, ಇಂಜಿನ್ನು ಬಿರುಕು ಬಿಟ್ಟಿತ್ತು. ಜೇವರ್ಗಿಯಲ್ಲಿ ದೌಲತರಾಯ ಎಂಬ ವಯಸ್ಸಾದ ಜಮೀನುದಾರರ ದನದ ಕೊಟ್ಟಿಗೆಯಲ್ಲಿ ಇನ್ನೊಂದು ಸಿಕ್ಕಿತು. ಅದರ ಮೇಲೆ ಕೋಳಿಗಳು ಕೂತಿದ್ದವು. ಮುದುಕರು ಅವನ್ನು ಓಡಿಸಿ, ತಮ್ಮ ಧೋತರದ ಚುಂಗಿನಿಂದಲೇ ಟಾಕಿ ಒರೆಸಿದರು.

“ನಿಜಾಮರ ಕಾಲದಾಗ ಸೊಲ್ಲಾಪುರದಿಂದ ತಂದದ್ದು ತಮ್ಮಾ. ಇದನ್ನ ಮಾರಬಾರ್ದು ಅಂತಿದ್ದೆ. ಯಾರು ಹೊಡಿಯೋರು, ನೀ ಏನು?”

“ಅಲ್ರಿ, ನನ್ನ ತಂಗಿ. ಆಕೀಗಿ… ಒಂದ ಕಾಲು.”

“ಅಯ್ಯೋ! ಏನಾಗಿತ್ತು?”

ಇಲ್ಲಿ ಅವನನ್ನು ಬಲ್ಲವರು ಯಾರೂ ಇರಲಿಲ್ಲ. ಖರೇ ಹೇಳಿದ್ದರೆ ಏನೂ ಹೋಗುತ್ತಿರಲಿಲ್ಲ. ಆದರೂ ಅವನ ಬಾಯಿಂದ ಬಂದದ್ದು, “ಎಮ್ಮಿ ಅಡ್ಡ ಬಂತ್ರಿ… ಆಕಿ ಜಿಗಿದ್ಲು.”

ದೌಲತರಾಯರ ಕಣ್ಣುಗಳು ಒದ್ದೆಯಾದವು. ಅವನ ತಲೆಯ ಮೇಲೆ ಕೈಯಿಟ್ಟು, “ತಂಗೀ ಮ್ಯಾಲ ಇಷ್ಟು ಜೀವಾ ಇಟ್ಟ ಅಣ್ಣನ್ನ ನಾ ನೋಡಿದ್ದಿಲ್ಲ. ಒಯ್ಯಪ್ಪಾ, ನೀ ಎಷ್ಟರ ಕೊಡು” ಎಂದರು. ಆ ಕೈ ತಲೆಯ ಮೇಲೆ ಬಿದ್ದಾಗ ಅವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು!

ಟೆಂಪೋ ಆಳಂದ ಮುಟ್ಟಿದ ಮೇಲೆ ಮೂರು ತಿಂಗಳು ಇಮಾಮಸಾಬನ ಕೆಲಸ ನಡೆಯಿತು. ಗಾಡಿಯನ್ನು ಬೋಲ್ಟು ಬೋಲ್ಟು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಸವೆದ ಸಾಮಾನುಗಳನ್ನು ಹೈದರಾಬಾದಿನಿಂದ ತರಿಸಿದ. ಬಲಗಾಲಿನ ಬ್ರೇಕನ್ನು ಎಡಗಾಲಿನ ಕಡೆ ತಿರುಗಿಸಿದ. ಕಿಕ್ಕಿಗೆ ಉದ್ದನೆಯ ಕಬ್ಬಿಣದ ಹಿಡಿಕೆ ಬೆಸೆದು ಕೈಯಿಂದ ಒತ್ತಿ ಚಾಲೂ ಮಾಡುವಂತೆ ಮಾಡಿದ. ಎಡಕ್ಕೆ ತಗಡಿನ ತೊಟ್ಟಿ ಕಟ್ಟಿ, ಅದಕ್ಕೆ ಸ್ಕೂಟರಿನ ಗಾಲಿ ಹಾಕಿದ. ಅಳತೆಗೆಂದು ಸುಭದ್ರೆಯನ್ನು ಕರೆಸಿದ ದಿನ ಅವಳು ಬಂದು ಸುಮ್ಮನೆ ಕೂರಲಿಲ್ಲ.

“ಕಾಕಾ, ಈ ಗೇರಿನ ಹಿಡಿಕಿ ನನ್ನ ಕೈಗಿ ನಿಲುಕಂಗಿಲ್ಲ. ಎರಡು ಬಟ್ಟು ಈ ಕಡೆ ಬಾಗಸ್ರಿ. ಬೆನ್ನಿಗಿ ಆನಿಕಿ ಬೇಕು. ಸೀಟಿನ ರೆಗ್ಝಿನ್ನು ನಾನ ಹೊಲೀತೇನಿ, ನೀವು ಹೊಲಿದ್ರ ಒಂದ ಮಳಿಗಿ ಹರೀತದ.”

“ಮೆಕ್ಯಾನಿಕ್ ಯಾರವ್ವಾ, ನಾನೋ ನೀನೋ?” ಎಂದು ಇಮಾಮಸಾಬ ನಕ್ಕ.

ಮೇ ತಿಂಗಳ ಒಂದು ಮುಂಜಾನೆ, ಆಳಂದದಲ್ಲಿ ಖಾಲಿ ಬಿದ್ದ ದನದ ಸಂತೆಯ ಬಯಲಿನಲ್ಲಿ ಅವಳು ಮೊದಲ ಸಲ ಗಾಡಿ ಓಡಿಸಿದಳು. ಒಂದು ಸುತ್ತು, ಎರಡು ಸುತ್ತು… ಮೂರನೇ ಸುತ್ತಿಗೆ ಗಟ್ಟಿಯಾಗಿ ನಕ್ಕಳು! ಆ ನಗು ಅವನು ಕೇಳಿ ಹದಿನೈದು ವರ್ಷವಾಗಿತ್ತು. ಹಣಮಂತರಾಯ ಬೇರೆ ಕಡೆ ಮುಖ ತಿರುಗಿಸಿದ. ಅವಳು ಗಾಡಿ ತಂದು ಅವನ ಎದುರೇ ನಿಲ್ಲಿಸಿದಾಗ, ಏನಾದರೂ ಆಡಬೇಕೆಂದು ಆಡಿದ:

“ಹೆದರಿಕಿ ಆಗ್ಲಿಲ್ಲೇನು ತಂಗಿ?”

“ನಾ ಯಾವಾಗ ಹೆದರಿದ್ದೆ ಅಣ್ಣಾ?”

ದನಿಯಲ್ಲಿ ಸಿಟ್ಟಿರಲಿಲ್ಲ. ಅವನ ಕಣ್ಣನ್ನೇ ನೋಡುತ್ತಿದ್ದಳು. ಅವನು ಬಗ್ಗಿ ತೊಟ್ಟಿಯ ಗಾಲಿಯ ಬೋಲ್ಟು ತಿರುಗಿಸಿ ನೋಡತೊಡಗಿದ.

ಹದಿನೈದು ದಿನದ ಮೇಲೆ ಅವಳೇ ಗಾಡಿ ಹೊಡೆದುಕೊಂಡು ಮಟಕಿಗೆ ಬಂದಳು. ಹಣಮಂತರಾಯ ಬಾಜೂಕಿನ ತೊಟ್ಟಿಯಲ್ಲಿ ಊರುಗೋಲು ಹಿಡಿದು ಕೂತಿದ್ದ. ಓಣಿಯ ಜನ ಬಾಗಿಲಿಗೆ ಬಂದರು. ಮನೆಯ ಮುಂದೆ ಗಾಡಿ ನಿಂತದ್ದೇ ತಡ, ಗುರಮ್ಮ ಓಡಿ ಬಂದು ಮುಂದಿನ ಗಾಲಿಯ ಎದುರು ಕುಸಿದು ಕೂತಳು.

“ಇಳಿ ಬೇ! ಇಳಿ! ಉಳಿದ ಕಾಲೂ ಮುರಕೊಂತಿಯೇನು? ಏನರ ಅಡ್ಡ ಬಂದ್ರ ಮತ್ತ ಜಿಗೀತಿ ನೀನು, ನಾ ಬಲ್ಲೆ!”

ಬಾಗಿಲಲ್ಲಿ ನಿಂತಿದ್ದ ಹಣಮಂತರಾಯನ ಹೆಂಡತಿ ಸುಮಿತ್ರಾಬಾಯಿಯೂ ಸುಮ್ಮನಿರಲಿಲ್ಲ. “ಏನ್ರಿ, ನಾಳಿ ಏನರ ಆದ್ರ ಮಾಡೋರು ಯಾರು? ಈ ಮನಿಗಿ ಬಂದಾಗಿಂದ ಈಕಿ ನೀರು ನಾನ ಹೊತ್ತೇನಿ. ಜಿಗಿಯೂದು ಈಕಿ, ಎತ್ತೂದು ನಾವು!”

ಸುಭದ್ರೆಯ ಕೈ ಹ್ಯಾಂಡಲ್ಲಿನ ಮೇಲೆ ಬಿಗಿಯಾಯಿತು. ಅವಳು ಎಂದಿನಂತೆ ಏನೂ ಅನ್ನಲಿಲ್ಲ… ಹಣಮಂತರಾಯನಿಗೆ ಅದೇ ತಡೆಯಲಾಗಲಿಲ್ಲ. ತೊಟ್ಟಿಯಿಂದ ಇಳಿದು ಹೋಗಿ ತಾಯಿಯ ಎದುರು ಮಣ್ಣಿನಲ್ಲೇ ಮೊಳಕಾಲೂರಿದ.

“ಯವ್ವಾ, ಆಕಿ ಜಿಗೀಲಿಲ್ಲ!”

“ಏನು?”

“ಎಮ್ಮೀನೂ ಇರ್ಲಿಲ್ಲವ್ವಾ. ರಸ್ತಾ ಖಾಲಿ ಇತ್ತು. ಸಾವಕಾಶ ಅಂತ ಆಕಿ ಅಂದ್ಲು. ನಾ… ನಾ ಮಜಾಕಿಗಿ ಎರಡೂ ಕೈ ಬಿಟ್ಟೆ. ಬೀಳಸಿದಾಂವ ನಾನು. ಅಪ್ಪನ ಮುಂದ ಸುಳ್ಳ ಹೇಳ್ದೆ. ಆತ ಸಾಯೂಮುಂದೂ ಖರೇ ಹೇಳ್ಲಿಲ್ಲ. ನಿನ್ನ ಬಾಯಾಗ ಆ ಮಾತು ಇಟ್ಟಾಂವ ನಾನ ಯವ್ವಾ!”

ಗುರಮ್ಮ ಕೈ ಎತ್ತಿದಳು. ಹೊಡೆಯುತ್ತಾಳೆ ಎಂದೇ ಅವನು ಮುಖ ಒಡ್ಡಿದ. ಆದರೆ ಅವಳು ಕೈ ಇಳಿಸಿದಳು. ಮೆಲ್ಲಗೆ ಮಗಳ ಕಡೆ ತಿರುಗಿದಳು.

“ನೀ ಯಾಕ ಬಾಯಿ ಬಿಡ್ಲಿಲ್ಲ ಬೇ? ದಿನಾ ನಿನ್ನ ಎದಿಗಿ ಚುಚ್ಚಿದೆನಲ್ಲ… ಹೆತ್ತಾಕಿ ನಾನ ಚುಚ್ಚಿದೆನಲ್ಲ!”

“ಎಚ್ಚರ ಆದಾಗ ಎಲ್ಲಾರೂ ಎಮ್ಮಿ ಮಾತ ಆಡಾಕತ್ತಿದ್ರಿ” ಎಂದಳು ಸುಭದ್ರೆ. “ಅಣ್ಣನ ಮುಖ ನೋಡಿದೆ. ಆತನ ಹೇಳ್ಲಿ ಅಂತ ಬಿಟ್ಟೆ. ನಾಳಿ ಹೇಳ್ತಾನ, ನಾಡದು ಹೇಳ್ತಾನ… ಅಪ್ಪ ಹೋದ. ಆಮ್ಯಾಲ ನಾ ಹೇಳಿದ್ರ ನಂಬ್ತಿದ್ದಿಯೇನು? ಕಾಲು ಹೋದ ಸಿಟ್ಟಿಗಿ ಅಣ್ಣನ ಮ್ಯಾಲ ತಪ್ಪು ಹಾಕ್ತಾಳ ಅಂತಿದ್ದಿ.”

ಗುರಮ್ಮ ಮಗಳ ಸೀರೆಯ ಅಂಚು ಹಿಡಿದು, ಇಲ್ಲದ ಕಾಲಿನ ಜಾಗಕ್ಕೆ ಹಣೆ ಹಚ್ಚಿ ಅತ್ತಳು. ಸುಮಿತ್ರಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಸುಭದ್ರೆ ತಾಯಿಯ ತಲೆ ಸವರುತ್ತಲೇ ಅಣ್ಣನಿಗೆ ಹೇಳಿದಳು:

“ಗಾಡಿ ತಗೊಂತೇನಿ ಅಣ್ಣಾ. ಅದು ನನಗ ಬೇಕು. ಆದ್ರ ಇದನ್ನ ಕೊಟ್ಟಿ ಅಂತ ಆ ಮಾತು ತೀರ್ತು ಅನ್ಕೋಬ್ಯಾಡ.”

“ಅನ್ಕೊಳ್ಳಂಗಿಲ್ಲವ್ವಾ…”

ಆಮೇಲಿನ ದಿನಗಳಲ್ಲಿ ಗುರಮ್ಮ ಮಗನ ಜೊತೆ ಮಾತು ಬಿಟ್ಟಳು. ತಾಟಿನಲ್ಲಿ ರೊಟ್ಟಿ ಹಾಕುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಅವನೂ ಕ್ಷಮಿಸು ಎಂದು ಕೇಳಲಿಲ್ಲ. ಕೇಳುವ ಹಕ್ಕು ತನಗಿಲ್ಲ ಎಂದು ಅವನಿಗೆ ಗೊತ್ತಿತ್ತು. ಊರಿನಲ್ಲಿ ಜನ ಅವನನ್ನು ಕಂಡು ಮಾತು ನಿಲ್ಲಿಸುತ್ತಿದ್ದರು. ಅದು ಕಷ್ಟವೇ, ಆದರೆ ಎಮ್ಮೆಯ ಮಾತು ಕೇಳುವಾಗಿನ ಕಷ್ಟದಷ್ಟಲ್ಲ. ಅಣ್ಣ ಪೆಟ್ಟಿಗೆಗೆ ಹಾಕದೇ ಉಳಿಸಿದ್ದ ಕಾರ್ಡನ್ನು ಹರಿದು, ಬರುತ್ತೇನೆ ಎಂದು ಹೊಸದು ಬರೆದು, ಸುಭದ್ರೆ ಭೂಸನೂರಿನಲ್ಲಿ ಒಂದು ಕೋಣೆ ಹಿಡಿದಳು. ದಿನಾ ಹೋಗಿ ಬರುವ ಬದಲು ಅಲ್ಲೇ ಇರುತ್ತೇನೆ ಎಂದಳು. “ನಾನೂ ಬರ್ತೇನಿ ನಿನ್ನ ಕೂಡ” ಎಂದು ಗುರಮ್ಮ ತನ್ನ ಎರಡು ಸೀರೆ ಗಂಟು ಕಟ್ಟಿಕೊಂಡಳು.

ಹೊರಡುವ ದಿನ ಜೂನಿನ ಮಿರಗದ ಮೊದಲ ಮಳೆ ಬಿದ್ದು ನೆಲ ಹಸಿಯಾಗಿತ್ತು. ಹೊಲಿಗೆ ಮೆಷಿನ್ನು ಹಿಂದಿನ ದಿನವೇ ಎತ್ತಿನ ಗಾಡಿಯಲ್ಲಿ ಹೋಗಿತ್ತು. ಹಣಮಂತರಾಯ ಹಾಸಿಗೆಯ ಸುರುಳಿ ತಂದು ತೊಟ್ಟಿಯಲ್ಲಿಟ್ಟ. ಸುಮಿತ್ರಾಬಾಯಿ ಖಡಕ್ ರೊಟ್ಟಿಯ ಗಂಟು ನಾದಿನಿಯ ಕೈಗೆ ಕೊಟ್ಟು, “ಬಾಯಿ ತಪ್ಪಿ ಬಾಳ ಅಂದೇನಿ, ಮನಸಿನ್ಯಾಗ ಇಟ್ಕೋಬ್ಯಾಡ್ರಿ” ಎಂದಳು. ಗುರಮ್ಮ ತೊಟ್ಟಿಯಲ್ಲಿ ಕೂತು ರಸ್ತೆಯನ್ನೇ ನೋಡುತ್ತಿದ್ದಳು. ಸುಭದ್ರೆ ಹಿಡಿಕೆ ಒತ್ತಿದಳು. ಇಂಜಿನ್ನು ಮೊದಲ ಸಲಕ್ಕೇ ಹತ್ತಿಕೊಂಡಿತು.

“ನಾನೂ ಬರ್ಲೇನು ತಂಗಿ, ಊರ ಹೊರಗಿನ ತನಕ?”

“ಬ್ಯಾಡ ಅಣ್ಣಾ.”

ಅವನು ಹಿಂದೆ ಸರಿದ. ಅವಳು ಗೇರು ಹಾಕಿದವಳು ಮತ್ತೆ ತೆಗೆದಳು. ಟಾಕಿಯ ಮೇಲೆ ಕೈಯಿಟ್ಟು ಅವನ ಕಡೆ ತಿರುಗಿದಳು.

“ಪಂಚಮಿಗಿ ಬಾ” ಎಂದಳು. “ಹಬ್ಬಕ್ಕ ಲಗ್ನಾಗಿ ಹೋದ ಎಲ್ಲಾ ಹೆಣ್ಣುಮಕ್ಕಳನ್ನ ಕರ್ಯಾಕ ಅಣ್ಣಂದಿರು ಹೋಗ್ತಾರ. ನನ್ನ ತವರಿಗಿ ಕರ್ಯಾಕ ಇದುತನಕ ಯಾರೂ ಬಂದಿಲ್ಲ.”

ಹಣಮಂತರಾಯ ತಲೆ ಆಡಿಸಿದ. ಗಾಡಿ ಓಣಿಯ ತಿರುವು ದಾಟಿ, ಅದರ ಸದ್ದು ತೊಗರಿ ಹೊಲಗಳ ಆಚೆ ಕರಗುವವರೆಗೂ ನಿಂತೇ ಇದ್ದ. ಹಿಂದಿನಿಂದ ಬಂದ ಸುಮಿತ್ರಾಬಾಯಿ ಮೆಲ್ಲಗೆ ಕೇಳಿದಳು: “ಏನಂದ್ರು ಸುಭದ್ರಾಬಾಯಾರು?”

“ಕರ್ಯಾಕ ಬಾ ಅಂದ್ಲು…” ಎಂದ ಹಣಮಂತರಾಯ. ಹಸಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಮೊದಲ ಸಲ, ಓಣಿ ನೋಡುತ್ತಿದೆ ಎಂಬ ಹಂಗಿಲ್ಲದೆ ಅತ್ತ.